ಕೆಂಪು ನಲ್ಲಿಯ ತಣ್ಣೀರು

ಕಾಲೇಜಿನ ರಜೆಯಲ್ಲಿ ಒಮಾನಿನ ಮಾವನ ಮನೆಗೆ ಹೋದವಳು ಅಲ್ ಹೈಲ್‌ನ ಮಕ್ಕಳ ಬೇಸಿಗೆ ಶಿಬಿರದಲ್ಲಿ ಸಹಾಯಕಿಯಾದೆ. ಮೊದಲ ದಿನ ಸಮುದ್ರದಿಂದ ಉಪ್ಪು ಮೆತ್ತಿಕೊಂಡು ಬಂದ ಮಕ್ಕಳ ಸ್ನಾನಕ್ಕೆಂದು, ಊರಿನ ಅಭ್ಯಾಸದಂತೆ ಗೀಸರ್ ಹಾಕಿದೆ. ಎರಡೂ ನಲ್ಲಿಗಳಲ್ಲಿ ಸುಡುನೀರು ಬಂತು. ಆವಿಯೊಳಗೆ ಮಕ್ಕಳು ಮೋಡದಲ್ಲಿ ನಿಂತಂತೆ ಕಂಡರು. ಒಬ್ಬಳು ಉಪ್ಪಿನ ಉರಿಗೆ ಅಳುತ್ತಿದ್ದಳು.

ಉಳ್ಳಾಲದವರಾದ ಅಡುಗೆಯ ಹಸನಬ್ಬ ಓಡಿ ಬಂದರು.

"ಎಂಥ ಮಾಡಿದ್ದು ಮಾರಾಯ್ತಿ? ಇಲ್ಲಿ ಟ್ಯಾಂಕಿ ನೀರು ಬಿಸಿಲಿಗೇ ಕಾಯ್ತದೆ. ಒಳಗೆ ನೆರಳಲ್ಲಿ ಬಂದ್ ಮಾಡಿಟ್ಟ ಗೀಸರಿನ ನೀರು ತಣಿದಿರ್ತದೆ, ಅದರ ಕೆಂಪು ನಲ್ಲಿಯಲ್ಲೇ ನಮಗೆ ತಣ್ಣೀರು. ಅದನ್ನೂ ಖಲಾಸ್ ಮಾಡಿದಿಯಲ್ಲ!"

ಶರಬತ್ತಿಗಿಟ್ಟ ಐಸನ್ನೆಲ್ಲ ಬಕೆಟ್ಟಿಗೆ ಸುರಿದರು. ಅದು ಚಟಪಟನೆ ಕರಗುವುದಕ್ಕೆ ಕಿವಿಗೊಟ್ಟು ಮಕ್ಕಳೆಲ್ಲ ಬಕೆಟ್ಟಿನ ಮೇಲೆ ಬಗ್ಗಿದರು.

ಇಷ್ಟು ವರ್ಷಗಳಾದರೂ, ಮಂಗಳೂರಿನ ಸೆಕೆಯಲ್ಲಿ ನನ್ನ ಕೈ ಕೆಂಪು ನಲ್ಲಿಗೇ ಹೋಗುತ್ತದೆ. ಸುಟ್ಟ ಮೇಲಷ್ಟೇ ಊರಿಗೆ ಬಂದದ್ದು ನೆನಪಾಗುತ್ತದೆ.