ಚುಕ್ಕಾಣಿಯೊಳಗಿನ ರಿವೆಟ್ಟು

ಪೋರ್ಟ್ ಲಾರಿಮರ್‌ನಲ್ಲಿ ನೌಕೆಗೂ ನೌಕರಿಗೂ ಹೆಚ್ಚು ಅಂತರವಿಲ್ಲ. ಕ್ಯಾನ್‌ಬೆರಾದ ಸರ್ಕಾರ ಒಂದು ಹಡಗು ಬೇಕು ಎಂದರೆ ಊರಿನಲ್ಲಿ ಮದುವೆಗಳಾಗುತ್ತವೆ, ಅಡುಗೆಮನೆಗಳಿಗೆ ಹೊಸ ಬಣ್ಣ ಬರುತ್ತದೆ. ಬೇಡ ಎಂದರೆ ಆ ಬಣ್ಣ ಸಿಪ್ಪೆಯೇಳುವವರೆಗೆ ಎಲ್ಲರೂ ಬಂದರಿನ ಗೋಡೆಗೆ ಒರಗಿ ಕಡಲು ನೋಡುತ್ತಾರೆ.

ಹಡಗು ಕಟ್ಟುವ ಯಾರ್ಡಿನಲ್ಲಿ ಮನುಷ್ಯನ ದರ್ಜೆ ತಲೆಯ ಮೇಲೇ ಇರುತ್ತಿತ್ತು. ಕೆಲಸಗಾರರಿಗೆ ಹಸಿರು ಹೆಲ್ಮೆಟ್, ಫೋರ್‌ಮನ್‌ಗೆ ಬಿಳಿ. ಕ್ಲಾರಿ ಟ್ರೆಲೋರ್ ಬೆಸುಗೆಯವರ ಫೋರ್‌ಮನ್. ತನ್ನ ಬಿಳಿ ಹೆಲ್ಮೆಟ್ಟನ್ನು ಆತ ಮಾಂಸದಂಗಡಿಗೂ ಹಾಕಿಕೊಂಡು ಹೋಗುತ್ತಿದ್ದ. ಚರ್ಚಿನೊಳಗೆ ಮಾತ್ರ ತೆಗೆಯುತ್ತಿದ್ದ, ಅದೂ ಹೆಂಡತಿ ಊನಾ ಮೊಣಕೈಯಿಂದ ತಿವಿದ ಮೇಲೆ.

ಕ್ಲಾರಿಯ ಅಪ್ಪ ಅದೇ ಯಾರ್ಡಿನಲ್ಲಿ ತಗಡು ಜೋಡಿಸುವ ದಪ್ಪ ಮೊಳೆ, ಅಂದರೆ ರಿವೆಟ್ ಬಡಿಯುತ್ತಿದ್ದವನು. ಬೆಸುಗೆ ಬಂತು, ರಿವೆಟ್ಟಿನ ಕಾಲ ಹೋಯಿತು. ಅಪ್ಪ ಮಗನಿಗೆ ಬಿಟ್ಟುಹೋದ ಆಸ್ತಿ ಎಂದರೆ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಒಂದಷ್ಟು ರಿವೆಟ್ಟುಗಳು ಮತ್ತು ಮಂದಗಿವಿ ಬರುವ ಭಯ.

ನಮ್ಮ ಯಾರ್ಡಿನಲ್ಲಿ ಒಂದು ರೂಢಿ ಇತ್ತು. ಹಡಗಿನ ಯಾವುದಾದರೂ ಪೊಳ್ಳು ಜಾಗಕ್ಕೆ ಕೊನೆಯ ತಗಡು ಮುಚ್ಚುವ ಮೊದಲು, ಮುಚ್ಚುವವನು ತನ್ನದೊಂದು ವಸ್ತುವನ್ನು ಒಳಗೆ ಹಾಕುತ್ತಿದ್ದ. ಮಗಳನ್ನು ಕಳಿಸುವಾಗ ಉಡಿ ತುಂಬುವುದಿಲ್ಲವೇ, ಹಾಗೆ. ಕ್ಲಾರಿ ಪ್ರತಿ ಹಡಗಿಗೂ ಅಪ್ಪನ ಒಂದು ರಿವೆಟ್ ಹಾಕುತ್ತಿದ್ದ. ಕೆಲಸವಿಲ್ಲದೆ ಕೂತು ಸತ್ತ ಮುದುಕ ಹೀಗೆ ಹಲವು ಕಡಲು ನೋಡಿದ.

ಡಬ್ಬಿಯಲ್ಲಿ ಒಂದೇ ರಿವೆಟ್ ಉಳಿದಿದ್ದಾಗ ‘ಮೆರಿಂಡಾ’ ಕಟ್ಟುವ ಕೆಲಸ ಬಂತು. ಅದು ನೌಕಾಪಡೆಯ ಸಂಶೋಧನಾ ಹಡಗು. ತೋಪಿಲ್ಲ, ಗುಂಡಿಲ್ಲ. ನೀರಿಗೆ ಕಿವಿಯಿಟ್ಟು ಕೇಳುವುದೇ ಅದರ ಕೆಲಸ: ದೂರದ ಜಲಾಂತರ್ಗಾಮಿ ಹೇಗೆ ಗೊಣಗುತ್ತದೆ, ಬೆಚ್ಚಗಿನ ನೀರಿನ ಪದರ ಆ ಗೊಣಗಾಟವನ್ನು ಎತ್ತ ತಿರುಗಿಸುತ್ತದೆ, ಇತ್ಯಾದಿ. ಕೇಳುವವರು ಮೊದಲು ತಾವು ಸುಮ್ಮನಿರಬೇಕು. ಹಾಗಾಗಿ ಎಂಜಿನ್ನುಗಳು ರಬ್ಬರಿನ ಮೇಲೆ ಕೂತವು, ಪೈಪುಗಳು ಕಂಬಳಿ ಹೊದ್ದವು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಪರೀಕ್ಷೆಯ ದಿನ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರಲ್ಲ, ಹಡಗು ಅಷ್ಟು ನಿಶ್ಶಬ್ದವಾಗಿ ನಡೆಯಬೇಕಿತ್ತು.

ಅದನ್ನು ನೋಡಿಕೊಳ್ಳಲು ನೌಕಾಪಡೆಯಿಂದ ಬಂದವರು ಕಮಾಂಡರ್ ವಿಕನ್ಸ್.

“ಆ ಮನುಷ್ಯನ ಕೈಗಡಿಯಾರಕ್ಕೂ ಟಿಕ್ ಅನ್ನೋಕೆ ಭಯ ಕಣೋ,” ಎನ್ನುತ್ತಿದ್ದ ಸ್ಟಾವ್. ಈತ ಕ್ಲಾರಿಯ ಜೊತೆಗಾರ, ಕಲಿಮ್ನೋಸ್ ದ್ವೀಪದಿಂದ ಬಂದ ಗ್ರೀಕ.

ಹಡಗಿನ ಹಿಂದೆ ನೀರೊಳಗೆ ನೇತಾಡುತ್ತ ಅದನ್ನು ತಿರುಗಿಸುವ ಚುಕ್ಕಾಣಿ ಎಂದರೆ ಎರಡು ಉಕ್ಕಿನ ಕೆನ್ನೆಗಳ ನಡುವೆ ಖಾಲಿ ಹೊಟ್ಟೆ. ಅದನ್ನು ಮುಚ್ಚುವ ದಿನ ಕ್ಲಾರಿ ಕೊನೆಯ ರಿವೆಟ್ಟನ್ನು ಒಳಗೆ ಇಳಿಸಿದ. ಅಷ್ಟರಲ್ಲಿ ಚಹಾದ ಸೀಟಿ ಊದಿತು. ನಮ್ಮಲ್ಲಿ ಹಡಗು ಮುಳುಗುತ್ತಿದ್ದರೂ ಚಹಾ ಮೊದಲು. ಎಲ್ಲರೂ ಹೋದರು. ಕಮಾಂಡರ್ ಮಾತ್ರ ಟಾರ್ಚ್ ಹಿಡಿದು ಚುಕ್ಕಾಣಿಯ ಒಳಗನ್ನು ಪರೀಕ್ಷಿಸುತ್ತ ನಿಂತರು. ಕ್ಲಾರಿ ಮರಳಿ ಬಂದು ತಗಡು ಮುಚ್ಚಿ ಬೆಸೆದ.

ಮೆರಿಂಡಾ ನೀರಿಗಿಳಿಯಿತು. ಕೊಲ್ಲಿಯ ತಳದಲ್ಲಿ ಸದ್ದು ಹಿಡಿಯುವ ಯಂತ್ರದ ಕಿವಿಗಳನ್ನಿಟ್ಟು ಅದನ್ನು ಅವುಗಳ ಮೇಲೆ ಓಡಿಸಿದರು. ನಿಧಾನವಾಗಿ ಹೋದಾಗ ಮೌನ, ಜೋರಾಗಿ ಹೋದಾಗಲೂ ಸರಿ. ನಡುವಿನ ಒಂದು ವೇಗದಲ್ಲಿ ಮಾತ್ರ ಟಿಣ್, ಟಿಣ್. ಅಡುಗೆಮನೆಯ ಚಮಚಗಳನ್ನು ಬಟ್ಟೆಯಲ್ಲಿ ಕಟ್ಟಿದರು. ಬಾಗಿಲುಗಳ ಅಗುಳಿಗೆ ಹತ್ತಿ ತುರುಕಿದರು. ಅಡುಗೆಯವನ ಕಟ್ಟುಹಲ್ಲನ್ನೂ ಬಿಚ್ಚಿಸಿ ನೋಡಿದರು. ಟಿಣ್ ಹೋಗಲಿಲ್ಲ. ಸದ್ದು ಸುದ್ದಿಯಾಗಿ ಕ್ಯಾನ್‌ಬೆರಾ ಮುಟ್ಟಿತು. ಈ ಹಡಗು ಸುಮ್ಮನಾಗದಿದ್ದರೆ ಎರಡನೆಯದನ್ನು ಹೊರದೇಶದಲ್ಲಿ ಕಟ್ಟಿಸುತ್ತೇವೆ ಎಂದಿತು ಸರ್ಕಾರ. ಎರಡನೆಯದು ಬರದಿದ್ದರೆ ನಮ್ಮ ಯಾರ್ಡಿಗೆ ಬೇರೆ ಕೆಲಸವೇ ಇರಲಿಲ್ಲ.

ಕಮಾಂಡರ್ ಆ ಸದ್ದಿನ ಟೇಪನ್ನು ಕ್ಯಾಂಟೀನಿಗೆ ತಂದು ಫೋರ್‌ಮನ್‌ಗಳಿಗೆ ಕೇಳಿಸಿದರು. ಕ್ಲಾರಿಯ ಕೈಯಲ್ಲಿ ಮಾಂಸದ ಪೈ ಇತ್ತು. ಟಿಣ್ ಅಂದಿತು. ಪೈ ಬಾಯಿಯವರೆಗೆ ಹೋಗಿ ತಟ್ಟೆಗೆ ಮರಳಿತು.

ಸಂಜೆ ಊಟಕ್ಕೆ ಕೂತಾಗ ಊನಾ ಗಮನಿಸಿದಳು.

“ಏನು, ಬಟಾಣಿ ಜೊತೆ ಮಾತಾಡ್ತಿದೀಯಾ?”

“ಊನಾ, ಅದು ಅಪ್ಪ.”

“ಯಾವುದು?”

“ಟಿಣ್ ಅಂತಿರೋದು. ಚುಕ್ಕಾಣಿ ಒಳಗೆ ಅಪ್ಪನ ರಿವೆಟ್ ಇದೆ. ಹಡಗಿನ ಒಳಗೆಲ್ಲಾ ಹುಡುಕಿದ್ರು, ಹಿಂದೆ ನೇತಾಡೋದನ್ನ ಯಾರೂ ನೋಡ್ಲಿಲ್ಲ.”

ಊನಾ ಸ್ವಲ್ಪ ಹೊತ್ತು ಆಲೂಗಡ್ಡೆ ಹಿಸುಕಿದಳು. “ನಿಮ್ಮಪ್ಪ ಬದುಕಿದ್ದಾಗ್ಲೂ ಸುಮ್ನಿರ್ತಿರ್ಲಿಲ್ಲ.”

“ಹೇಳಿದ್ರೆ ಬಿಳಿ ಹೆಲ್ಮೆಟ್ ಹೋಗುತ್ತೆ.”

“ಹೇಳದಿದ್ರೆ?”

“ಎರಡನೇ ಹಡಗು ಹೋಗುತ್ತೆ.”

“ಹಾಗಾದ್ರೆ ಯೋಚ್ನೆ ಯಾಕೆ? ನಿನ್ನ ತಲೆಗೆ ನಾನೇ ಒಂದು ಉಣ್ಣೆ ಟೋಪಿ ಹೆಣೆದು ಕೊಡ್ತೀನಿ. ಚಾಪ್ಸ್ ತಿನ್ನು, ಆರೋಗ್ತಿದೆ.”

ಮರುದಿನ ಬೆಳಿಗ್ಗೆ ಕ್ಲಾರಿ ಮ್ಯಾನೇಜರನ ಕೋಣೆಗೆ ಹೋಗಿ ಹೇಳಿದ. ಹೊರಬಂದಾಗ ತಲೆ ಬರಿದಾಗಿತ್ತು. ಆ ಬೋಳು ನೆತ್ತಿಯನ್ನು ಹಗಲು ಬೆಳಕಿನಲ್ಲಿ ಊರು ನೋಡಿದ್ದು ಅದೇ ಮೊದಲು.

ಮುಂದಿನದನ್ನು ಸ್ಟಾವ್ ನನಗೆ ಹೇಳಿದ್ದು ಕ್ಲಾರಿ ತೀರಿಕೊಂಡ ಮೇಲೆ, ಅದೂ ಅಕ್ಕಪಕ್ಕ ನೋಡಿ.

ಹಡಗನ್ನು ನೀರಿನಿಂದ ಎತ್ತಿದರು. ಚುಕ್ಕಾಣಿಯನ್ನು ಕೊಯ್ಯಲು ಕ್ಲಾರಿ, ಹಿಡಿಯಲು ಸ್ಟಾವ್, ನೋಡಲು ಕಮಾಂಡರ್. ತಗಡು ಕಳಚಿತು. ಕ್ಲಾರಿ ಟಾರ್ಚ್ ಬಿಟ್ಟು ನೋಡಿ ಕೈ ಹಾಕಿದ. ರಿವೆಟ್ ಸಿಕ್ಕಿತು, ಆದರೆ ಎಳೆದರೂ ಬರಲಿಲ್ಲ. ತುಕ್ಕು ಹಿಡಿಯದಿರಲೆಂದು ಒಳಗೆ ಬಳಿದಿದ್ದ ಟಾರಿನಲ್ಲಿ ಅದು ಮುಳುಗಿ ಕಲ್ಲಿನಂತೆ ಕೂತಿತ್ತು. ಅಪ್ಪ ಚಕಾರವೆತ್ತಿರಲಿಲ್ಲ.

“ಮತ್ತೆ ಟಿಣ್ ಅಂದಿದ್ದು ಯಾರಪ್ಪ?” ಎಂದ ಸ್ಟಾವ್.

ಕ್ಲಾರಿ ಪಕ್ಕದ ಖಾನೆಗೆ ಕೈ ಚಾಚಿದ. ಅಲ್ಲಿ ಟಾರು ತಲುಪಿರಲಿಲ್ಲ. ಬೆರಳಿಗೆ ಬಂದದ್ದು ನೌಕಾಪಡೆಯ ಕೋಟಿನ ಒಂದು ಹಿತ್ತಾಳೆ ಗುಂಡಿ. ಮೇಲೆ ಲಂಗರು, ಅದರ ಮೇಲೆ ಕಿರೀಟ.

ಕಮಾಂಡರ್ ತಮ್ಮ ಕೋಟನ್ನು ಎಳೆದುಕೊಂಡರು.

“ನೀವೆಲ್ಲ ಹಾಕೋದನ್ನ ನೋಡಿದ್ದೆ,” ಎಂದರು. “ಮೂರು ವರ್ಷ ನಾನೂ ಈ ಹಡಗಿನ ಜೊತೆ ಇದ್ದೆ ಅಲ್ವಾ. ನನಗೂ ಆಸೆ ಆಯ್ತು. ಈಗಲೇ ಹೋಗಿ ಹೇಳ್ತೀನಿ, ಟ್ರೆಲೋರ್. ನಿಮ್ಮ ಹೆಲ್ಮೆಟ್ ನಿಮಗೆ ವಾಪಸ್ ಬರಬೇಕು.”

ಕ್ಲಾರಿ ಟಾರ್ಚ್ ಆರಿಸಿದ. “ಕಮಾಂಡರ್, ತಪ್ಪು ನಂದೇ ಅಂತ ಇದ್ರೆ ಈ ವಿಷಯ ಇವತ್ತಿನ ಚಹಾದ ಹೊತ್ತಿಗೆ ಮುಗಿಯುತ್ತೆ. ನೀವು ಹೇಳಿದ್ರೆ ನೌಕಾಪಡೆ ನೌಕಾಪಡೆಯನ್ನೇ ವಿಚಾರಣೆ ಮಾಡ್ಬೇಕು. ಅದು ಮುಗಿಯೋ ಹೊತ್ತಿಗೆ ಎರಡನೇ ಹಡಗನ್ನ ಬೇರೆಯೋರು ಕಟ್ಟಿ, ಓಡಿಸಿ, ಗುಜರಿಗೆ ಹಾಕಿರ್ತಾರೆ.”

“ಅದು ನ್ಯಾಯ ಅಲ್ಲ.”

“ಅಲ್ಲ. ಆದ್ರೆ ಸುಮಾರು ನಾನೂರು ಮನೆ ಒಲೆ ಉರಿಯುತ್ತೆ. ನನ್ನ ತಲೆಗೆ ಹೆಂಡತಿ ಈಗಾಗ್ಲೇ ಟೋಪಿ ಹೆಣೀತಿದಾಳೆ, ಮಧ್ಯದಲ್ಲಿ ನಿಲ್ಸು ಅಂದ್ರೆ ನನ್ನನ್ನ ಬಿಡಲ್ಲ.”

ಗುಂಡಿಯನ್ನು ಅವರ ಅಂಗೈಯಲ್ಲಿಟ್ಟ. ಟಾರಿನಿಂದ ರಿವೆಟ್ಟನ್ನು ಉಳಿಯಿಂದ ಎಬ್ಬಿಸಿ ಒರೆಸಿ ಮ್ಯಾನೇಜರನ ಮೇಜಿನ ಮೇಲೆ ಇಟ್ಟುಬಂದ. ಟಿಣ್ ಅಂದಿದ್ದು ಇದೇ ಎಂದ.

ಮೆರಿಂಡಾ ಮತ್ತೆ ಓಡಿತು, ಕೊಲ್ಲಿಯ ಕಿವಿಗಳಿಗೆ ಏನೂ ಕೇಳಲಿಲ್ಲ. ಎರಡನೆಯ ಹಡಗಿನ ಆದೇಶ ಬಂದ ದಿನ ಊರಿನ ಪಬ್ಬಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಕ್ಲಾರಿಯನ್ನು ಕಂಡವರೆಲ್ಲ ಬಾಯಲ್ಲಿ ಟಿಣ್ ಎಂದು ಗೇಲಿ ಮಾಡಿದರು. ಆತ ಪ್ರತಿ ಟಿಣ್‌ಗೂ ಗ್ಲಾಸ್ ಎತ್ತಿದ. ನಿಜ ಗೊತ್ತಿದ್ದ ಸ್ಟಾವ್ ಕುಡಿದಾಗಲೂ ಬಾಯಿ ಬಿಡಲಿಲ್ಲ. ಕುಡಿದ ಸ್ಟಾವ್‌ನನ್ನು ಬಲ್ಲವರಿಗೆ ಇದು ಹಡಗು ಕಟ್ಟುವುದಕ್ಕಿಂತ ದೊಡ್ಡ ಸಾಧನೆ.

ಯಾರ್ಡಿನಲ್ಲಿ ಇನ್ನು ಯಾರೂ ಏನನ್ನೂ ಒಳಗೆ ಹಾಕಬಾರದೆಂದು ಆಜ್ಞೆಯಾಯಿತು. ಎರಡನೆಯ ಹಡಗಿನ ಚುಕ್ಕಾಣಿ ಮುಚ್ಚುವ ದಿನ ಕ್ಲಾರಿ ಹಸಿರು ಹೆಲ್ಮೆಟ್ ಹಾಕಿ ಬೆಸುಗೆ ಹಿಡಿದು ಕೂತಿದ್ದ. ಕಮಾಂಡರ್ ಪರೀಕ್ಷೆಗೆ ಬಂದರು. ಮ್ಯಾನೇಜರನ ಮೇಜಿನಿಂದ ಹೇಗೋ ಹೊರಬಂದ ರಿವೆಟ್ಟನ್ನು ಅವರು ಜೇಬಿನಿಂದ ತೆಗೆದು ಚಾಚಿದರು.

“ಹಾಕಬಾರದು ಅಂತ ಆಜ್ಞೆ ಇದೆ,” ಎಂದ ಕ್ಲಾರಿ.

“ಹಾಕೋದು ಬೇಡ. ಬೆಸೀರಿ.”

ಕ್ಲಾರಿ ಅಪ್ಪನ ರಿವೆಟ್ಟನ್ನು ಒಳಗಿನ ಪಕ್ಕೆಗೆ ಸುತ್ತಲೂ ಬೆಸೆದ. ಮುದುಕ ಮತ್ತೆ ಒಂದು ಹಡಗಿಗೆ ಅಂಟಿಕೊಂಡ. ಆಮೇಲೆ ಮುಖದ ಗುರಾಣಿ ಮೇಲೆತ್ತಿ ಕೈ ಚಾಚಿದ.

“ನಿಮ್ದು ಕೊಡಿ.”

“ಹಿತ್ತಾಳೆ ಉಕ್ಕಿಗೆ ಹತ್ತುತ್ತಾ?”

“ಬೆಸುಗೆ ಹತ್ತಲ್ಲ.” ಕ್ಲಾರಿ ಬೆಂಕಿ ತಾಗದ ಮೂಲೆಯಲ್ಲಿ ಒಂದು ಮುದ್ದೆ ಟಾರು ಇಟ್ಟು, ಗುಂಡಿಯನ್ನು ಹೆಬ್ಬೆರಳಿನಿಂದ ಕಾಣದಂತಾಗುವವರೆಗೆ ಒತ್ತಿದ. “ಇದರಲ್ಲಿ ಅಪ್ಪನೇ ತೆಪ್ಪಗಿದ್ದ. ನಿಮ್ಮ ಗುಂಡಿ ಎಷ್ಟರದು.”

ಚಹಾದ ಸೀಟಿ ಊದಿತು. ಈ ಸಲ ಇಬ್ಬರೂ ಒಟ್ಟಿಗೆ ಹೋದರು.