ಊಟದ ಮಾತು, ಪೇಪರಿನ ಮಾತು

ಕೋರಿ ರೊಟ್ಟಿ ತಿನ್ನುವವರು ಟಿ.ವಿ. ನೋಡಬಾರದು. ಗರಿಗರಿಯಾದ ಅಕ್ಕಿರೊಟ್ಟಿಯನ್ನು ಕೋಳಿ ಸಾರಿಗೆಂದು ತಟ್ಟೆಯಲ್ಲಿ ಮುರಿಯುವಾಗ ಏಳುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ದಿಲ್ಲಿಯವರ ಮಾತು ಹೇಗೆ ಕೇಳಿಸೀತು? ಮೊನ್ನೆ ಶುಕ್ರವಾರ ಕುಲಶೇಖರದಲ್ಲಿರುವ ಅಕ್ಕನ ಮನೆಯಲ್ಲಿ ನಾನು ಮೊದಲ ರೊಟ್ಟಿಗೆ ಕೈ ಹಾಕಿ ಪಟಪಟನೆ ಮುರಿದದ್ದೇ ತಡ, ಭಾವ ಕೈ ಎತ್ತಿ ತಡೆದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಕೈಗೆ ಈಗಲೂ ಲಾರಿ ನಿಲ್ಲಿಸುವ ತಾಕತ್ತಿದೆ. ನನ್ನ ರೊಟ್ಟಿ ಯಾವ ಲೆಕ್ಕ.

“ಸ್ವಲ್ಪ ನಿಲ್ಲು ಮಾರಾಯ, ಇದನ್ನು ಕೇಳುವ” ಎಂದರು.

ಲೋಕಸಭೆಯ ನೇರಪ್ರಸಾರ ನಡೆಯುತ್ತಿತ್ತು. ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಸದಸ್ಯೆಯೊಬ್ಬರು ಖಾಸಗಿ ಮಸೂದೆಯೊಂದರ ಮೇಲೆ ಮಾತನಾಡುತ್ತಿದ್ದರು. ಸುದ್ದಿ ಕೊಟ್ಟವರು ಯಾರೆಂದು ಹೇಳುವಂತೆ ಪತ್ರಕರ್ತರನ್ನು ಯಾರೂ ಬಲವಂತ ಮಾಡಬಾರದು, ಪೊಲೀಸರ ಮೇಲಿನ ದೂರನ್ನು ಪೊಲೀಸರೇ ವಿಚಾರಿಸಬಾರದು, ಅದಕ್ಕೆ ಹೊರಗಿನವರ ಒಂದು ಸ್ವತಂತ್ರ ಮಂಡಳಿ ಬೇಕು ಎಂದು ಅವರ ವಾದ. ನಾನು ಕಾಲೇಜಿನಲ್ಲಿ ಆಯುಷ್ಯವಿಡೀ ರಾಜ್ಯಶಾಸ್ತ್ರ ಕಲಿಸಿದವನು. ಇಂಥದ್ದನ್ನೆಲ್ಲ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಆದರೆ ಭಾವನ ಮುಖ ನೋಡಿದ ಮೇಲೆ ನನಗೆ ರೊಟ್ಟಿ ಮುರಿಯಲು ಧೈರ್ಯವಾಗಲಿಲ್ಲ. ಮನಸ್ಸು ನೇರ ಪಡೀಲಿನ ಹಳೆಯ ಮನೆಗೆ ಹೋಯಿತು.

ಆಗ ಅಕ್ಕ, ಭಾವ ಪಡೀಲಿನಲ್ಲಿದ್ದರು. ಭಾವ ನಗರದ ಒಂದು ಠಾಣೆಯ ಇನ್ಸ್‌ಪೆಕ್ಟರ್. ಅಕ್ಕನಿಗೆ ಕಿರಿಯವನೂ ನನಗೆ ಹಿರಿಯವನೂ ಆದ ನಮ್ಮಣ್ಣ ಒಂದು ಸಂಜೆಪತ್ರಿಕೆಯಲ್ಲಿ ಕ್ರೈಮ್ ವರದಿಗಾರ. ಪ್ರತಿದಿನ ಬೆಳಿಗ್ಗೆ ಸುದ್ದಿಗೆಂದು ಅಣ್ಣ ಭಾವನ ಠಾಣೆಗೆ ಹೋಗಲೇಬೇಕು. ಅಲ್ಲಿ ಇಬ್ಬರೂ ಒಬ್ಬರಿಗೊಬ್ಬರು “ಸಾರ್”. ಏನಾದರೂ ಉಂಟಾ ಸಾರ್ ಎಂದು ಇವನು, ಏನೂ ಇಲ್ಲ ಸಾರ್ ಎಂದು ಅವರು. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ಮೆಟ್ಟಿಲು ಹತ್ತಿದ ಮೇಲೆ ಮಾತ್ರ ಇಬ್ಬರೂ ಒಬ್ಬರಿಗೊಬ್ಬರು “ಭಾವ”. ನಮ್ಮ ಬಂಟರ ಮನೆಗಳಲ್ಲಿ ಭಾವ ಎಂದರೆ ಗೌರವವೂ ಹೌದು, ತಮಾಷೆ ಮಾಡಲು ಸಿಕ್ಕ ಪರವಾನಗಿಯೂ ಹೌದು. ಕೋಳಿಯ ಕಾಲು ಯಾರಿಗೆ ಎಂಬ ವಿಷಯದಲ್ಲಿ ಅವರು ಮಾಡಿದಷ್ಟು ಚರ್ಚೆಯನ್ನು ನಾನು ಯಾವ ಶಾಸನಸಭೆಯಲ್ಲೂ ಕಂಡಿಲ್ಲ.

ಆ ಊಟಕ್ಕೆ ಅಕ್ಕನದೊಂದು ಕಾನೂನಿತ್ತು. ತಟ್ಟೆಯಲ್ಲಿ ರೊಟ್ಟಿ ಇರುವವರೆಗೆ ಸ್ಟೇಷನ್ನಿನ ಮಾತಿಲ್ಲ, ಪೇಪರಿನ ಮಾತಿಲ್ಲ. ತಪ್ಪಿ ಬಾಯಿಗೆ ಬಂದರೂ ಅದು ಊಟದ ಮಾತು, ಹೊಸ್ತಿಲು ದಾಟಬಾರದು. ಗಂಡ ಒಂದು ಕಡೆ, ತಮ್ಮ ಇನ್ನೊಂದು ಕಡೆ ಇರುವ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಸಂವಿಧಾನ ಹೊಳೆಯುವುದು ಕಷ್ಟ. ವರ್ಷಗಟ್ಟಲೆ ಯಾರೂ ಅದನ್ನು ಮೀರಿರಲಿಲ್ಲ.

ಮೀರಿದ್ದು ಭಾವ. ಒಂದು ಭಾನುವಾರ ಅವರ ತಟ್ಟೆಯ ರೊಟ್ಟಿ ಮುರಿಯದೆ ಹಾಗೇ ಇತ್ತು. ದೊಡ್ಡವರೊಬ್ಬರ ಬಂದೋಬಸ್ತಿಗೆಂದು ಕೆಲವು ದಿನ ಊರಾಚೆ ಹೋಗಿ ಆಗಷ್ಟೇ ಮರಳಿದ್ದರು. ಯಾರೂ ಕೇಳದೆಯೇ ಹೇಳತೊಡಗಿದರು. ಬಂದರಿನ ದಕ್ಕೆಯಲ್ಲಿ ದೋಣಿಯಿಂದ ಮೀನು ಇಳಿಸುವ ಒಬ್ಬನನ್ನು ಕಳ್ಳತನದ ಗುಮಾನಿಯಲ್ಲಿ, ತಾವಿಲ್ಲದಾಗ, ತಮ್ಮ ಠಾಣೆಗೆ ಹಿಡಿದು ತಂದಿದ್ದಾರೆ. ದಾಖಲೆಯಲ್ಲಿ ಅವನ ಹೆಸರೇ ಇಲ್ಲ. ಹೊಡೆತಕ್ಕೆ ಎಡಗೈ ಮುರಿದಿದೆ. ಆಸ್ಪತ್ರೆಗೆ ಕಳಿಸಲು ಮೇಲಿನವರ ಅಪ್ಪಣೆ ಬೇಕಂತೆ. ಭಾವನೇ ಅವರನ್ನು ಕೇಳಿದರೆ, ನೋಡುವ, ನೀವು ಸುಮ್ಮನಿರಿ ಎಂದರಂತೆ. ಅವನ ಹೆಂಡತಿ ಠಾಣೆಯ ಗೇಟಿನ ಹೊರಗೆ ನಿಂತಿದ್ದಾಳೆ. ಇಷ್ಟು ಹೇಳಿ ಭಾವ ನೀರು ಕುಡಿದರು.

ಅಣ್ಣ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟ.

“ಇದು ಊಟದ ಮಾತಾ ಭಾವ, ಪೇಪರಿನ ಮಾತಾ?”

ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಸಾರಿನ ಸೌಟು ಹಿಡಿದೇ ಉತ್ತರಿಸಿದಳು: “ಊಟದ್ದು. ಇಲ್ಲಿ ಆಡಿದ್ದೆಲ್ಲ ಊಟದ್ದೇ.” ಅಣ್ಣ ತಲೆಯಾಡಿಸಿದ. ಊಟ ಮುಗಿಯಿತು. ಭಾವ ಎಂದಿನಂತೆ ಅವನನ್ನು ಗೇಟಿನವರೆಗೆ ಬಿಟ್ಟು ಬಂದರು.

ಮರುದಿನ ಸಂಜೆ ಮುಖಪುಟದಲ್ಲಿ ಸುದ್ದಿ ಬಂತು. ಠಾಣೆಯ ಹೆಸರು, ದಕ್ಕೆಯವನ ಹೆಸರು, ಮುರಿದ ಕೈ, ಗೇಟಿನಲ್ಲಿ ನಿಂತ ಹೆಂಡತಿ, ಎಲ್ಲವೂ ಇತ್ತು. ಹೇಳಿದವರು ಯಾರೆಂಬುದೊಂದಿರಲಿಲ್ಲ. ರಾತ್ರಿಯಾಗುವುದರೊಳಗೆ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಅವನ ಮೇಲೆ ಕೇಸೂ ಉಳಿಯಲಿಲ್ಲ, ಆದರೆ ಎಡಗೈ ಮತ್ತೆ ನೇರವಾಗಲೂ ಇಲ್ಲ. ಇಬ್ಬರು ಪೇದೆಗಳು ಅಮಾನತಾದರು. ವಿಚಾರಣೆ ನಡೆಸಿದ್ದು ಇಲಾಖೆಯವರೇ. ಅವರಿಗೆ ಕೈ ಮುರಿದದ್ದು ಯಾರೆಂಬುದಕ್ಕಿಂತ ಬಾಯಿ ಬಿಟ್ಟದ್ದು ಯಾರೆಂಬುದೇ ಮುಖ್ಯವಾಗಿತ್ತು. ಅಣ್ಣನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿ ದಿನವಿಡೀ ಕೇಳಿದರು. ಹೆಸರು ಹೇಳಿದರೆ ಪತ್ರಿಕೆಯ ಮೇಲೆ ಕೇಸು ಹಾಕುವುದಿಲ್ಲ ಎಂದರು. ಅವನು ಹೇಳಲಿಲ್ಲ. ಮಾಲೀಕರು ಹೆದರಿ ಅವನನ್ನು ಕ್ರೈಮ್‌ನಿಂದ ತೆಗೆದು ಸಭೆ ಸಮಾರಂಭಗಳಿಗೆ ಹಾಕಿದರು. ಆಮೇಲೆ ನಮ್ಮಣ್ಣ ಶಾಲಾ ವಾರ್ಷಿಕೋತ್ಸವವನ್ನೂ ಹಳೆಯ ಅಭ್ಯಾಸದಲ್ಲೇ ಬರೆಯುತ್ತಿದ್ದ. ‘ಘಟನೆ ನಡೆದಾಗ ಅಧ್ಯಕ್ಷರು ವೇದಿಕೆಯಲ್ಲೇ ಇದ್ದರೆಂದು ತಿಳಿದುಬಂದಿದೆ’ ಎಂದು ಓದಿ ನಾವು ನಗುತ್ತಿದ್ದೆವು. ಈಗ ನೆನೆದರೆ ಸಂಕಟವಾಗುತ್ತದೆ.

ಭಾವನಿಗೆ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು. ಬರಬೇಕಾಗಿದ್ದ ಬಡ್ತಿ ಕೊನೆಗೂ ಬರಲಿಲ್ಲ. ಅಕ್ಕನ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣ ತಮ್ಮ. ತನ್ನ ಮನೆಯಲ್ಲಿ ಉಂಡು, ತಲೆಯಾಡಿಸಿ, ಹೊಸ್ತಿಲು ದಾಟಿಸಿದವನು. ಅವಳು ಜಗಳವಾಡಲಿಲ್ಲ, ಬರಬೇಡ ಎನ್ನಲೂ ಇಲ್ಲ. ಆದರೆ ಆ ದಿನದಿಂದ ಅಣ್ಣ ಬಂದಾಗ ಆ ಮನೆಯಲ್ಲಿ ರೊಟ್ಟಿ ಇಲ್ಲ. ಕೋಳಿ ಸಾರು ಅದೇ, ಜೊತೆಗೆ ನೀರುದೋಸೆ. ಹೊರಗಿನವರು ನೋಡಿದರೆ ಉಪಚಾರವೆಂದೇ ತಿಳಿಯಬೇಕು. ನಿಮಗೆ ಇದು ಸಣ್ಣ ಸಂಗತಿ ಎನಿಸಬಹುದು. ರೊಟ್ಟಿ ಮುರಿಯುವ ಸದ್ದಿನ ನಡುವೆ ಏರುದನಿಯಲ್ಲಿ ಮಾತಾಡಿ ಬೆಳೆದ ನಮಗೆ ಆ ಮೆತ್ತಗಿನ, ಸದ್ದಿಲ್ಲದ ಊಟ ಎಂಥ ಶಿಕ್ಷೆಯೆಂದು ಗೊತ್ತಿತ್ತು. ಅಣ್ಣ ಒಂದು ದಿನವೂ ರೊಟ್ಟಿ ಎಲ್ಲಿ ಎಂದು ಕೇಳಲಿಲ್ಲ. ಅವನಿಗೆ ನೀರುದೋಸೆ ಅಷ್ಟಕ್ಕಷ್ಟೇ ಎಂದು ಗೊತ್ತಿದ್ದವಳು ಅಕ್ಕ ಒಬ್ಬಳೇ.

ಮೊನ್ನೆ ಟಿ.ವಿ.ಯಲ್ಲಿ ಆ ಸದಸ್ಯೆಯ ಸಮಯ ಮುಗಿಯಿತು, ಗಂಟೆ ಬಾರಿಸಿದರು. ಎದುರಿನ ಸಾಲಿನ ಒಬ್ಬರು ಎದ್ದು, ಇಲಾಖೆಯಲ್ಲೇ ವಿಚಾರಣೆಯ ವ್ಯವಸ್ಥೆ ಇರುವಾಗ ಹೊರಗಿನವರು ಯಾಕೆ, ಒಳಗಿನವರೇ ಧೈರ್ಯವಾಗಿ ಮೇಲಿನವರಿಗೆ ಹೇಳಬಹುದಲ್ಲ ಎಂದರು.

“ಹೇಳಿದೆನಲ್ಲ” ಎಂದರು ಭಾವ, ಟಿ.ವಿ.ಗೆ.

ಅಕ್ಕ ಬಡಿಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. ಭಾವ ಟಿ.ವಿ. ಆರಿಸಿದರು.

“ಮೇಲೆ ಹೇಳಿದೆ, ಕೇಳ್ಲಿಲ್ಲ. ಮತ್ತೆ ನಾನು ಯಾರಿಗೆ ಹೇಳ್ಬೇಕಿತ್ತು? ನನಗೆ ಗೊತ್ತಿದ್ದದ್ದು ನಿನ್ನ ತಮ್ಮ ಒಬ್ಬನೇ. ಅವತ್ತು ಗೇಟಿನಲ್ಲಿ ಅವನು ಪುನಃ ಕೇಳಿದ, ಊಟದ್ದಾ, ಪೇಪರಿನದ್ದಾ ಅಂತ. ಪೇಪರಿನದ್ದು, ಬರಿ ಅಂದೆ. ನಾನು ಹೇಳಿದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು, ನಿನ್ನ ಅಕ್ಕನಿಗೂ ಅಂತ ಹೇಳಿದೆ.”

“ನನಗೂ?” ಎಂದಳು ಅಕ್ಕ.

ಕೆಲಸ ಹೋಗುವ ಹೆದರಿಕೆ ಇತ್ತು ಎಂದರು ಭಾವ. ಪಿಂಚಣಿ ಬಂದ ಮೇಲೆ ಹೇಳುವ ಎಂದುಕೊಂಡಿದ್ದರಂತೆ. ಅಷ್ಟರಲ್ಲಿ ನೀರುದೋಸೆ ಅಭ್ಯಾಸವಾಗಿ ಹೋಗಿತ್ತು. ಹೇಳಲು ನಾಚಿಕೆಯಾಯಿತು.

ನನಗೆ ಭಾವನ ಮೇಲೆ ಸಿಟ್ಟು ಬಂತು. ಅದರ ಬೆನ್ನಿಗೇ ಪಾಪ ಅನಿಸಿತು. ಸತ್ಯ ಹೇಳಲು ಒಂದು ಊಟದ ಮೇಜಲ್ಲದೆ ಬೇರೆ ಜಾಗವೇ ಇಲ್ಲದ ಮನುಷ್ಯ. ಪತ್ರಿಕಾ ಸ್ವಾತಂತ್ರ್ಯದ ಮೇಲೆ ನಾನು ವರ್ಷ ವರ್ಷವೂ ಅವೇ ಟಿಪ್ಪಣಿಗಳನ್ನು ಓದಿಸಿದೆ. ಆ ಸ್ವಾತಂತ್ರ್ಯ ನನ್ನ ಪಕ್ಕದಲ್ಲೇ ಕೂತು ಮಾತಿಲ್ಲದೆ ನೀರುದೋಸೆ ತಿನ್ನುತ್ತಿತ್ತು.

ಅಕ್ಕ ಅಳಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಆಚೆ ಈಚೆ ಸರಿಸಿದ ಸದ್ದು ಕೇಳಿತು. ಬಂದು ನನ್ನೆದುರು ನಿಂತಳು.

“ಅವನಿಗೆ ಫೋನು ಮಾಡು. ಭಾನುವಾರ ಬರ್ಲಿ. ರೊಟ್ಟಿ ಉಂಟು ಅಂತ ಹೇಳು.”

ಅಣ್ಣ ಈಗ ಕಾಟಿಪಳ್ಳದಲ್ಲಿದ್ದಾನೆ. ಕಿವಿ ಮಂದ. ಹಾಗಾಗಿ ಫೋನಿನಲ್ಲಿ ಅವನು ಕೂಗುವುದು ಇಡೀ ಮನೆಗೆ ಕೇಳುತ್ತದೆ. ರೊಟ್ಟಿ ಉಂಟಂತೆ ಎಂದು ನಾನೂ ಕೂಗಿದೆ. ಏನು ಎಂದ. ಮತ್ತೆ ಕೂಗಿದೆ. ಫೋನು ಕಡಿಯಿತೋ ಎಂದು ನೋಡುತ್ತಿದ್ದೆ.

“ಅಕ್ಕನಿಗೆ ಯಾರು ಹೇಳಿದ್ದು?”

ನನಗೆ ತಮಾಷೆ ಮಾಡುವ ಚಟ. ಅದನ್ನೆಲ್ಲ ಹೇಳ್ಲಿಕ್ಕಿಲ್ಲ ಅಣ್ಣ, ನೀನು ಹೇಳಿದ್ದುಂಟಾ ಎಂದೆ. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ.

“ಭಾವನಿಗೆ ಹೇಳು ಮಾರಾಯ” ಎಂದ, ಗಾಬರಿಯಲ್ಲಿ. “ನಾನು ಹೇಳಿದ್ದಲ್ಲ ಅಂತ ಹೇಳು.”

ಭಾವ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಗೊತ್ತುಂಟು ಭಾವ, ಗೊತ್ತುಂಟು ಎಂದರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ನನ್ನ ತಟ್ಟೆಯ ರೊಟ್ಟಿ ಅಷ್ಟರಲ್ಲಿ ಸಾರು ಕುಡಿದು ಪೂರ್ತಿ ಮೆತ್ತಗಾಗಿತ್ತು. ನಾನು ಅದನ್ನು ಹಾಗೇ ತಿಂದೆ.