ಮೂಕಿಯ ಮೇಲಿನ ಭಾರ

ನಮ್ಮ ಗಾಡಿಮನೆಯ ನೆಲದಲ್ಲಿ, ಮುಂಭಾಗದ ಮಂಚದ ಕಾಲಿನ ಬಳಿ, ನೀರಿನ ಕ್ಯಾನುಗಳು ಕೂತು ಕೂತು ಮೂಡಿಸಿದ ಮೂರು ಉಂಗುರಗಳಿವೆ. ಕಂಡ ಕಲೆಯನ್ನೆಲ್ಲ ತಿಕ್ಕುವವಳು ನಾನು. ಇವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಏಕೆಂದು ಹೇಳುತ್ತೇನೆ, ಕೇಳಿ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಯಜಮಾನರು ಬೇಗನೆ ನಿವೃತ್ತಿ ಪಡೆದು, ಎರಡು ವರ್ಷ ಹಿತ್ತಿಲಲ್ಲಿ ಬೆಸುಗೆ ಹಾಕಿ, ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಂಥ ಪುಟ್ಟ ಮನೆಯೊಂದನ್ನು ಎರಡು ಗಾಲಿಗಳ ಮೇಲೆ ನಿಲ್ಲಿಸಿದರು. ಎಳೆಯಲು ನಮ್ಮ ಹಳೆಯ ಪಿಕಪ್. ಮೊದಲ ಪಯಣ ಅತ್ತಿವೇರಿಯ ಹಕ್ಕಿಗಳನ್ನು ನೋಡಲು. ಪರಊರಿನ ನೀರಿಗೆ ಬೇಳೆ ಬೇಯದೆಂಬುದು ನನ್ನ ಹಳೆಯ ಹಟ. ನಮ್ಮ ಬಾವಿಯ ನೀರನ್ನೇ ಮೂರು ಕ್ಯಾನು ತುಂಬಿ, ಇಳಿಸಲು ಸಲೀಸೆಂದು ಹಿಂಬಾಗಿಲ ಬಳಿ ಇಟ್ಟೆ. ಜೊತೆಗೆ ಜೋಳದ ಹಿಟ್ಟಿನ ಡಬ್ಬಿ, ಕಬ್ಬಿಣದ ಹಂಚು.

ಹಳಿಯಾಳದ ಹತ್ತಿರದ ಇಳಿಜಾರಿನಲ್ಲಿ ಗಾಡಿಮನೆ ಹಾವಿನ ಬಾಲದಂತೆ ಹೊರಳಾಡಿ, ಪಿಕಪ್ಪನ್ನೂ ಅತ್ತಿತ್ತ ಎಳೆದಾಡಿತು. ಯಜಮಾನರು ಹೇಗೋ ರಸ್ತೆಬದಿಗೆ ತಂದು ನಿಲ್ಲಿಸಿ ಬೆಸುಗೆ, ಬೋಲ್ಟು, ಗಾಲಿಯ ಗಾಳಿ ಎಲ್ಲ ನೋಡಿದರು. ತಪ್ಪು ಸಿಗಲಿಲ್ಲ.

"ವಾಪಸ್ ಹೋಗೂಣು. ಓಣ್ಯಾಗಿನ ಮಂದಿ ಅಂದಂಗ ಇದನ್ನ ಕೋಳಿಗೂಡು ಮಾಡಿಬಿಡೂಣು" ಎಂದರು. ನಗುವುದಕ್ಕೆಂದು ಆಡಿದ ಮಾತಲ್ಲ ಅದು.

ನಾನು ಮುಂಡಗೋಡದ ಕಡೆಯ ರೈತನ ಮಗಳು. ಭತ್ತದ ಚೀಲ ಹೇರಿದ ಮೇಲೆ ಅಪ್ಪ ಗಾಡಿಯ ಮೂಕಿಯನ್ನು, ಎಂದರೆ ನೊಗಕ್ಕೆ ಸೇರುವ ಉದ್ದನೆಯ ಮರವನ್ನು, ಒಮ್ಮೆ ಎತ್ತಿ ನೋಡುತ್ತಿದ್ದ. ಭಾರ ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. "ಎತ್ತಿಗೆ ಭಾರ ಗೊತ್ತಾಗಬೇಕು, ನೋವಾಗಬಾರ್ದು" ಎನ್ನುತ್ತಿದ್ದ. ಈಗ ಗಾಲಿಗೆ ಕಲ್ಲು ಕೊಡಿಸಿ, ಪಿಕಪ್ಪಿನ ಕೊಂಡಿ ಬಿಚ್ಚಿಸಿ, ಗಾಡಿಮನೆಯ ಮುಂದಿನ ಕಬ್ಬಿಣದ ಮೂಕಿಯನ್ನು ನಾನೂ ಎತ್ತಿ ನೋಡಿದೆ. ಖಾಲಿ ಕೊಡದಷ್ಟು ಹಗುರ.

"ರೀ, ನೊಗ ಹಗರ ಆಗೇತಿ. ನೀರು ಮುಂದ ಸರಸ್ರಿ."

"ಪಿಕಪ್ಪಿಗೆ ನೊಗ ಎಲ್ಲೈತಿ ಮಾರಾಯ್ತಿ?"

"ನಿಮ್ಮ ಎತ್ತಿಗೆ ಕೋಡಿಲ್ಲ, ಅಷ್ಟ ಫರಕು."

ಗೊಣಗುತ್ತಲೇ ಕ್ಯಾನುಗಳನ್ನು ಮುಂದಿನ ಮಂಚದ ಕಾಲಿನ ಬಳಿಗೆ ಸರಿಸಿದರು. ಮುಂದಿನ ಇಳಿಜಾರಿನಲ್ಲಿ ಅವರು ಕನ್ನಡಿ ನೋಡಿದರು, ನಾನು ಅವರ ಮುಖ ನೋಡಿದೆ. ಗಾಡಿಮನೆ ತಾಯಿಯ ಹಿಂದಿನ ಕರುವಿನಂತೆ ನೆಟ್ಟಗೆ ಬಂತು.

ಹೆಗಲು ಹಗುರಾದರೆ ಸುಖವೆಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಎಳೆಯುವವರ ಹೆಗಲಿಗೆ ಒಂದಿಷ್ಟು ಭಾರ ತಾಗುತ್ತಿದ್ದರೇ ಹಿಂದೆ ಬರುವುದು ದಾರಿ ತಪ್ಪದೇನೋ. ಮಕ್ಕಳನ್ನು ಬೆಳೆಸುವಾಗಲೂ ಹೀಗೇ ಅನ್ನಿಸಿದ್ದುಂಟು.

ಈಗ ಪ್ರತಿ ಸಲ ಹೊರಡುವ ಮುನ್ನ, ಮೂವತ್ತು ವರ್ಷ ಯಂತ್ರಗಳ ಜೊತೆ ಬಾಳಿದ ಆ ಮನುಷ್ಯ ಕೊಂಡಿಯ ಬಳಿ ನಿಂತು ಕರೆಯುತ್ತಾರೆ: "ಬಾ ಇಲ್ಲೆ, ಕೈ ಹಚ್ಚಿ ನೋಡು." ನಾನು ಸೆರಗು ಸಿಕ್ಕಿಸಿ ಹೋಗುತ್ತೇನೆ. ಬೆಸುಗೆಯೆಲ್ಲ ಅವರದು. ಆ ಮೂರು ಉಂಗುರಗಳು ಮಾತ್ರ ನನ್ನ ರುಜು.